ಕೊನೆಯ ವರ್ಷದ ಪ್ರಾಜೆಕ್ಟ್: ನಾಲ್ವರ ತಂಡ, ಒಬ್ಬನದೇ ದುಡಿಮೆ

ಪ್ರಶ್ನೆ (ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ): ನಮಸ್ಕಾರ ಮೇಡಂ. ನಮ್ಮದು ನಾಲ್ವರ ಬ್ಯಾಚ್. ಅಡಿಕೆ ತೋಟದ ಮಣ್ಣಿನ ತೇವ ನೋಡಿಕೊಂಡು ತಾನಾಗಿ ಹನಿ ನೀರು ಬಿಡುವ ಸಾಧನ ಮಾಡುತ್ತಿದ್ದೇವೆ. ಹಾರ್ಡ್‌ವೇರ್ ಒಬ್ಬನಿಗೆ, ಕೋಡ್ ನನಗೆ, ಮೊಬೈಲ್ ಆ್ಯಪ್ ಇನ್ನೊಬ್ಬನಿಗೆ, ವರದಿ ಸಹಪಾಠಿ ಹುಡುಗಿಗೆ ಎಂದು ಮೊದಲೇ ಹಂಚಿಕೊಂಡಿದ್ದೆವು. ಹಾರ್ಡ್‌ವೇರ್ ವಹಿಸಿಕೊಂಡವನು ‘ಮಾಡುತ್ತೇನೆ’ ಎನ್ನುತ್ತಾನೆ, ಮಾಡುವುದಿಲ್ಲ. ಅದೂ ನನ್ನ ತಲೆಗೇ ಬಿದ್ದಿದೆ. ಆ್ಯಪ್ ಮಾಡುವವನಿಗೂ ನನಗೂ ಮಾತು ನಿಂತಿದೆ. ಮುಂದಿನ ತಿಂಗಳು ರಿವ್ಯೂ. ಗೈಡ್‌ಗೆ ದೂರು ಹೇಳಲೇ, ಇಲ್ಲ ಒಬ್ಬನೇ ಮುಗಿಸಿಬಿಡಲೇ?

ಉತ್ತರ (ಪ್ರಾಜೆಕ್ಟ್ ಮ್ಯಾನೇಜರ್, ಎಂಬೆಡೆಡ್ ಸಾಫ್ಟ್‌ವೇರ್, ಬೆಂಗಳೂರು): ಸದ್ಯಕ್ಕೆ ಎರಡೂ ಬೇಡ. ಒಬ್ಬರೇ ಮುಗಿಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉಳಿದ ಮೂವರು ಬಾಯಿ ತೆರೆಯಲಾರರು, ನಿಮ್ಮ ನಿದ್ದೆಯೂ ಹೋಗುತ್ತದೆ.

ಜಗಳಕ್ಕೆ ಹೆದರಬೇಡಿ. ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 1965ರಲ್ಲಿ ತಂಡ ಬೆಳೆಯುವ ಹಂತಗಳನ್ನು ವಿವರಿಸಿದರು: ಒಟ್ಟುಗೂಡುವುದು, ಕಿತ್ತಾಡುವುದು, ರೀತಿನೀತಿಗೆ ಬರುವುದು, ಆಮೇಲೆ ಕೆಲಸ ಸಾಗುವುದು. ಎಲ್ಲ ತಂಡಗಳೂ ಇದೇ ಸಾಲಿನಲ್ಲಿ ನಡೆಯುತ್ತವೆ ಎಂದು ನಾನು ನಂಬುವುದಿಲ್ಲ. ಆದರೂ ಕಿತ್ತಾಟ ಬಂದ ಮಾತ್ರಕ್ಕೆ ತಂಡ ಕೆಟ್ಟಿತು ಎನ್ನುವಂತಿಲ್ಲ. ನೀವು ಎರಡನೆಯ ಹಂತದಲ್ಲಿ ಸಿಕ್ಕಿಕೊಂಡಿದ್ದೀರಿ, ಅಷ್ಟೇ.

ನನಗೆ ಹೆಚ್ಚು ಚಿಂತೆಯಾಗಿರುವುದು ನಿಮ್ಮ ಹಂಚಿಕೆಯ ಬಗ್ಗೆ. ನಾಲ್ಕು ಭಾಗಗಳಿಗೆ ನಾಲ್ಕು ಹೆಸರು ಇವೆ. ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗಕ್ಕೆ ಯಾರ ಹೆಸರೂ ಇಲ್ಲ. ಪ್ರಾಜೆಕ್ಟ್‌ಗಳು ಮುರಿಯುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಸಾಧನವನ್ನೇ ನೋಡಿ. ಆರ್ಡುಯಿನೋ ಊನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್‌ನಲ್ಲಿ ಸೆನ್ಸರ್ ರೀಡಿಂಗ್ 0ಯಿಂದ 1023ರವರೆಗೆ ಬರುತ್ತದೆ. ವೈಫೈ ಬೇಕೆಂದು ಇಎಸ್‌ಪಿ32 ಬೋರ್ಡ್‌ಗೆ ಬದಲಾಯಿಸಿದರೆ ಅದು ಸಾಮಾನ್ಯವಾಗಿ 0ಯಿಂದ 4095ರವರೆಗೆ. ಕೆಪಾಸಿಟಿವ್ ಸೆನ್ಸರ್ (ಮಣ್ಣಿನ ವಿದ್ಯುತ್ ಧಾರಣೆಯಿಂದ ತೇವ ಅಳೆಯುವಂಥದ್ದು) ಆದರೆ ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತದೆ, ನೆನೆದಷ್ಟೂ ಇಳಿಯುತ್ತದೆ. ಆ್ಯಪ್ ಬರೆಯುವವನು ಅದನ್ನೇ ತೇವದ ಶೇಕಡಾವಾರು ಎಂದುಕೊಂಡರೆ, ನೀರು ನಿಂತ ತೋಟಕ್ಕೆ ಮತ್ತೆ ನೀರು ಹೋಗುತ್ತದೆ. ಇನ್ನು ರಿಲೇ, ಅಂದರೆ ಬೋರ್ಡ್‌ನ ಸಂಕೇತದಿಂದ ಪಂಪ್ ಆನ್-ಆಫ್ ಮಾಡುವ ಸ್ವಿಚ್. ಮಾರುಕಟ್ಟೆಯ ಎಷ್ಟೋ ರಿಲೇ ಮಾಡ್ಯೂಲ್‌ಗಳು ಬೋರ್ಡ್‌ನ ಪಿನ್ ‘ಲೋ’ (ಸೊನ್ನೆ ವೋಲ್ಟ್‌ನ ಹತ್ತಿರ) ಆದಾಗ ಆನ್ ಆಗುತ್ತವೆ. ಇದನ್ನು ಹಾರ್ಡ್‌ವೇರ್‌ನವನು ಹೇಳದೆ, ಕೋಡ್‌ನವನು ಕೇಳದೆ ಇದ್ದರೆ, ಪಂಪ್ ನಿಲ್ಲಬೇಕಾದಾಗ ಓಡುತ್ತದೆ. ಆಗ ಇಬ್ಬರೂ ‘ನನ್ನದು ಸರಿಯಿದೆ’ ಎನ್ನುತ್ತಾರೆ, ಇಬ್ಬರ ಮಾತೂ ನಿಜವೇ. ಮಾತು ಬಿಟ್ಟವನೊಂದಿಗೆ ಮತ್ತೆ ಕೂರಲು ಇದಕ್ಕಿಂತ ಒಳ್ಳೆಯ ನೆಪ ಸಿಗದು: ಯಾವ ಸಂಖ್ಯೆ, ಯಾವ ಅಳತೆ, ಎಷ್ಟು ನಿಮಿಷಕ್ಕೊಮ್ಮೆ ಆ್ಯಪ್‌ಗೆ ಬರಬೇಕು ಎಂದು ಇಬ್ಬರೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ಸೆನ್ಸರ್, ಒಂದು ರಿಲೇ, ಆ್ಯಪ್‌ನಲ್ಲಿ ಒಂದೇ ಒಂದು ಸಂಖ್ಯೆ. ಇಷ್ಟನ್ನು ಈ ವಾರವೇ ಜೋಡಿಸಿ ಓಡಿಸಿ, ಅಂದಚೆಂದ ಆಮೇಲೆ.

ಮಾಡದ ಗೆಳೆಯನ ವಿಷಯ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಅವರು ಹಗ್ಗ ಎಳೆಸಿ ನೋಡಿದಾಗ, ಎಳೆಯುವವರು ಹೆಚ್ಚಿದಷ್ಟೂ ತಲಾ ಹಾಕುವ ಬಲ ಕಡಿಮೆಯಾಗುತ್ತಿತ್ತು. 1913ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅಮೆರಿಕದ ಮನಃಶಾಸ್ತ್ರಜ್ಞ ಬಿಬ್ ಲಾಟಾನೆ ಮತ್ತು ಸಂಗಡಿಗರು 1979ರಲ್ಲಿ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಹಾಗೆಯೇ ಆಯಿತು. ಆದರೆ ಯಾರ ಸದ್ದು ಎಷ್ಟೆಂದು ಬೇರೆಬೇರೆಯಾಗಿ ಗೊತ್ತಾಗುವಂತೆ ಮಾಡಿದಾಗ ಈ ಸಡಿಲಿಕೆ ಇಳಿಯಿತು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಆದ್ದರಿಂದ ‘ಹಾರ್ಡ್‌ವೇರ್ ನೋಡಿಕೋ’ ಎನ್ನಬೇಡಿ. ‘ಶನಿವಾರದೊಳಗೆ ತೋಟದ ಒಣ ಮಣ್ಣಿನಲ್ಲೂ ನೆನೆದ ಮಣ್ಣಿನಲ್ಲೂ ಸೆನ್ಸರ್ ರೀಡಿಂಗ್ ಬರೆದು ತಾ, ಅದಿಲ್ಲದೆ ನನ್ನ ಕೋಡ್ ಮುಂದೆ ಹೋಗುವುದಿಲ್ಲ’ ಎನ್ನಿ. ಅವನನ್ನು ಒಂಟಿಯಾಗಿ ಕರೆದು, ಏನು ತೊಂದರೆ ಎಂದೂ ಕೇಳಿ. ಸೋಮಾರಿ ಎಂದು ನಾವು ತಿಳಿದವರಲ್ಲಿ ಎಷ್ಟೋ ಮಂದಿ ತನಗೆ ಬರುವುದಿಲ್ಲ ಎಂದು ಹೇಳಲು ನಾಚುತ್ತಿರುತ್ತಾರೆ. ಎರಡು ಶನಿವಾರ ಕಳೆದರೂ ಬರಿಗೈಯಲ್ಲೇ ಬಂದರೆ, ನಾಲ್ವರೂ ಕೂಡಿ ಗೈಡ್ ಬಳಿ ಹೋಗಿ. ಆಗ ಅದು ಚಾಡಿಯಾಗುವುದಿಲ್ಲ.

ಇನ್ನೊಬ್ಬರು: ಮೇಡಂ, ನಮ್ಮ ತಂಡದಲ್ಲೂ ನಾನೊಬ್ಬಳೇ ಹುಡುಗಿ, ವರದಿ ಮತ್ತು ಪಿಪಿಟಿ ನನ್ನ ಪಾಲಿಗೇ. ‘ನಿನ್ನ ಇಂಗ್ಲಿಷ್ ಚೆನ್ನಾಗಿದೆ’ ಎನ್ನುತ್ತಾರೆ. ಬೇಡ ಎಂದರೆ ಜಗಳವಾಗುತ್ತದೆ.

ಉತ್ತರ: ಇದನ್ನು ಓದಿ ಸಂಕಟವಾಯಿತು ತಂಗಿ, ಏಕೆಂದರೆ ಕಂಪನಿಗಳಲ್ಲೂ ಇದೇ ನಡೆಯುತ್ತದೆ, ಮೀಟಿಂಗ್ ಟಿಪ್ಪಣಿ ಬರೆಯುವ ಕೆಲಸ ಯಾರಿಗೆ ಬೀಳುತ್ತದೆ ನೋಡಿ. ವರದಿ ಒಬ್ಬರ ಕೆಲಸವೇ ಅಲ್ಲ. ತಾನು ಮಾಡಿದ ಭಾಗದ ಅಧ್ಯಾಯವನ್ನು ಅವರವರೇ ಬರೆಯಬೇಕು, ಭಾಷೆ ತಿದ್ದುವುದು ಬೇಕಾದರೆ ನಿಮ್ಮದಿರಲಿ. ‘ಬರೆಯುವುದಿಲ್ಲ’ ಎನ್ನುವ ಬದಲು ‘ಪಂಪ್ ಓಡಿಸುವ ಕೋಡ್ ನನಗೆ ಕೊಡಿ’ ಎಂದು ಹೆಸರಿಟ್ಟು ಕೇಳಿ. ವೈವಾದಲ್ಲಿ ಪರೀಕ್ಷಕರು ಪ್ರತಿಯೊಬ್ಬರನ್ನೂ ಬೇರೆಯಾಗಿಯೇ ಕೇಳುತ್ತಾರೆ, ಉದ್ಯೋಗದ ಸಂದರ್ಶನದಲ್ಲೂ ‘ನೀವೇನು ಮಾಡಿದಿರಿ’ ಎಂದೇ ಪ್ರಶ್ನೆ. ಮೊದಲ ಪ್ರಶ್ನೆ ಕೇಳಿದವರೇ, ನಿಮ್ಮ ತಂಡದ ಆ ಹುಡುಗಿಗೂ ಒಂದು ಬೋರ್ಡ್ ಕೊಡಿ.

ಮೊದಲ ಪ್ರಶ್ನೆಯವರು: ಖಂಡಿತ ಮೇಡಂ. ಬೇರೆ ಬ್ಯಾಚಿನ ಗೆಳೆಯನೊಬ್ಬ ಸಹಾಯಕ್ಕೆ ಬರುತ್ತೇನೆ ಎನ್ನುತ್ತಾನೆ. ಐದನೆಯವನಾಗಿ ಸೇರಿಸಿಕೊಳ್ಳಲೇ?

ಉತ್ತರ: ಈ ಹೊತ್ತಿನಲ್ಲಿ ಬೇಡ. ಐಬಿಎಂ ಸಂಸ್ಥೆಯ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂನ ತಂಡವನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಲೆಕ್ಕ ಸರಳ: ನಾಲ್ವರ ನಡುವೆ ಆರು ಜೋಡಿ ಮಾತುಕತೆ, ಐವರಾದರೆ ಹತ್ತು. ಜೊತೆಗೆ ಹೊಸಬನಿಗೆ ಎಲ್ಲವನ್ನೂ ವಿವರಿಸುವವರು ನೀವೇ. ಅವನಿಂದ ಒಂದೇ ಉಪಕಾರ ಪಡೆಯಿರಿ: ರಿವ್ಯೂಗೆ ಮುಂಚೆ ಒಂದು ಸಂಜೆ ಪರೀಕ್ಷಕನಂತೆ ಕೂತು ನಾಲ್ವರಿಗೂ ಪ್ರಶ್ನೆ ಹಾಕಲಿ, ಒಬ್ಬರ ಭಾಗದ ಪ್ರಶ್ನೆಯನ್ನು ಇನ್ನೊಬ್ಬರಿಗೆ.