ತಾಳಗುಂದದ ಕಟಿಂಗು, ಮನೆ ಗ್ರೂಪಿನ ಜಗಳ

ಚಿಕ್ಕಪ್ಪ: (ಫೋಟೊ) ಭಾನುವಾರದ ಪುರವಣಿ. ಹಲ್ಮಿಡಿಗಿಂತ ಹಳೇ ಕನ್ನಡ ಶಾಸನ ಶಿವಮೊಗ್ಗ ಜಿಲ್ಲೆ ತಾಳಗುಂದದಲ್ಲಿ, ಕ್ರಿ.ಶ. 370! ಪುಟ್ಟಿ, ನಿನ್ನ ಥೀಸಿಸ್‌ಗೆ ಹಾಕ್ಕೋ.

ಪುಟ್ಟಿ: ಹಾಕಿದ್ರೆ ಗೈಡ್ 'ಇದು ಸಂಶೋಧನಾ ಜರ್ನಲ್ ಅಲ್ಲ' ಅಂತ ಕೆಂಪು ಇಂಕಲ್ಲಿ ಗೀಚ್ತಾರೆ. ಹೋದ್ಸಲ ಅದೇ ಆಗಿದ್ದು.

ಚಿಕ್ಕಪ್ಪ: ಯಾಕೆ, ಪೇಪರಲ್ಲಿ ಬಂದಿದ್ದೆಲ್ಲ ಸುಳ್ಳಾ? ಬರೆದವರು ಪ್ರೊಫೆಸರ್ರು ಕಣೇ.

ಪುಟ್ಟಿ: ಸುಳ್ಳು ಅಂದ್ನಾ ನಾನು? ಹಲ್ಮಿಡಿ ಕಲ್ಲಲ್ಲೂ ಇಸವಿ ಕೆತ್ತಿಲ್ಲ, 450ರ ಆಸುಪಾಸು ಅಂತ ಲೆಕ್ಕ ಹಾಕಿದ್ದು. ಇಲ್ಲಿ 370 ಹೇಗೆ ಬಂತು? ಒಂದು ಸಾಲೂ ಇಲ್ಲ. ಕಲ್ಲಿನ ಅಕ್ಷರ ಕಾಗದಕ್ಕೆ ಒತ್ತಿ ತೆಗೆದ ಪಡಿಯಚ್ಚಿಲ್ಲ, ಶಾಸನದ ಪಾಠ ಇಲ್ಲ, ಗುಡಿಯ ಬಣ್ಣದ ಫೋಟೊ ಇದೆ ಅಷ್ಟೆ. ಅದೇ ಊರಿನ ಸ್ತಂಭಶಾಸನಾನ ವಿದ್ವಾಂಸ ಕೀಲ್‌ಹಾರ್ನ್ ಶಾಸನಗಳ ಜರ್ನಲ್ ಎಪಿಗ್ರಾಫಿಯಾ ಇಂಡಿಕಾದ 8ನೇ ಸಂಪುಟದಲ್ಲಿ ಹಾಕಿದ್ದಾರೆ, ನೋಡಿ. ಅವರ ಓದು ತಪ್ಪು ಅಂತ ಜಗಳ ಆಡೋಕೆ ಬೇಕಾದ್ದನ್ನೆಲ್ಲ ಅವರೇ ಕೊಟ್ಟಿದ್ದಾರೆ.

ಅತ್ತೆ: ನಾಳೆ ಪೂಜೆಗೆ ಎಷ್ಟು ಜನ ಅಂತ ಕೇಳಿದ್ದೆ 🙏

ಅಣ್ಣ: ಪತ್ರಿಕೆಗೆ ಐಎಸ್‌ಎಸ್‌ಎನ್ ಅನ್ನೋ ನೋಂದಣಿ ನಂಬರ್ ಇದ್ರೆ ಜರ್ನಲ್, ಇಲ್ದಿದ್ರೆ ಮ್ಯಾಗಜೀನ್. ಮುಗೀತು.

ಪುಟ್ಟಿ: ಅದು ಗಾಡಿ ನಂಬರ್ ಪ್ಲೇಟ್ ಇದ್ದ ಹಾಗೆ ಅಣ್ಣ, ಡ್ರೈವರ್‌ಗೆ ಓಡ್ಸೋಕೆ ಬರುತ್ತೆ ಅಂತ ಅರ್ಥ ಅಲ್ಲ. ವಾರಪತ್ರಿಕೆಗೂ ಸಿಗುತ್ತೆ. ದುಡ್ಡು ಕಟ್ಟಿದ್ರೆ ಮೂರೇ ದಿನಕ್ಕೆ ಅಚ್ಚು ಹಾಕೋ 'ಇಂಟರ್‌ನ್ಯಾಷನಲ್' ಅಂಗಡಿಗಳಿಗೂ ಸಿಗುತ್ತೆ.

ಅಣ್ಣ: ಒಳ್ಳೇ ಜರ್ನಲ್ ಅಂತ ಯುಜಿಸಿ ಮಾಡಿದ್ದ ಲಿಸ್ಟ್?

ಪುಟ್ಟಿ: ಆ ಕೇರ್ ಲಿಸ್ಟನ್ನ 2025ರಲ್ಲಿ ಯುಜಿಸಿನೇ ಕೈಬಿಡ್ತು 😄

ಚಿಕ್ಕಪ್ಪ: ಹಾಗಾದ್ರೆ ನಿನ್ನ ಜರ್ನಲ್ಲೂ ನಂಬೋ ಹಾಗಿಲ್ಲ! ಕನ್ನಡದಲ್ಲಿ ಈ ಮಡಿ ಯಾವಾಗಿತ್ತು? 1919ರಲ್ಲಿ ಶುರುವಾದ ಪ್ರಬುದ್ಧ ಕರ್ನಾಟಕ ಪತ್ರಿಕೆ ತೆಗೆದು ನೋಡು. ಕವಿತೆಯ ಪಕ್ಕದಲ್ಲೇ ಸಂಶೋಧನೆ.

ಪುಟ್ಟಿ: ಇದು ಒಪ್ಪಿದೆ. ರಟ್ಟು ನೋಡಿ ಹೇಳೋಕಾಗಲ್ಲ. ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) ನೋಡೋಕೆ ವಾರಪತ್ರಿಕೆ, ಆದ್ರೆ ಅದರ ವಿಶೇಷ ಲೇಖನಗಳನ್ನ ಆ ವಿಷಯದ ತಜ್ಞರು ಓದಿ ಒಪ್ಪಬೇಕು. ಅದೇ ಸಂಚಿಕೆಯ ಸಂಪಾದಕೀಯಕ್ಕೆ ಆ ಜರಡಿ ಇಲ್ಲ. ಒಂದೊಂದು ಲೇಖನಾನೂ ಬೇರೆ ಬೇರೆಯಾಗೇ ನೋಡ್ಬೇಕು.

ಚಿಕ್ಕಪ್ಪ: ಅಂದ್ರೆ ಈ ಪುರವಣಿ ರದ್ದಿಗೆ?

ಪುಟ್ಟಿ: ಅಯ್ಯೋ ಬೇಡಿ. 2013-14ರ ಉತ್ಖನನ ಅಂತ ಅದರಲ್ಲಿದೆ. ಅದರ ಬಾಲ ಹಿಡ್ಕೊಂಡು ಪುರಾತತ್ವ ಇಲಾಖೆ ವರದಿ ಹುಡುಕ್ತೀನಿ. ಕೊನೇ ಪುಟ ಇನ್ನೊಂದ್ಸಲ ಕಳ್ಸಿ, ನಿಮ್ಮ ಹೆಬ್ಬೆರಳು ಅಡ್ಡ ಬಂದಿದೆ.

ಚಿಕ್ಕಪ್ಪ: ಆ ಪುಟದಲ್ಲಿ ನಿಮ್ಮ ಚಿಕ್ಕಮ್ಮ ಕರಿಬೇವು ಸುತ್ತಿಟ್ಟಿದ್ದಾಳೆ. ತಾಳು, ಬಿಚ್ತೀನಿ.

ಅತ್ತೆ: ಎಷ್ಟು ಜನ???