ಅಪ್‌ಡೇಟ್: ಹೀಟರ್ ಹಚ್ಚಿದರೆ ಗೀಸರ್ ಆರುತ್ತಿದ್ದ ಸಮಸ್ಯೆ

ಗ್ಯಾಸ್ ರೂಮ್ ಹೀಟರ್ ಹಚ್ಚಿದ ಕೂಡಲೇ ಗ್ಯಾಸ್ ಗೀಸರ್ ಆರಿಹೋಗುತ್ತದೆ, ಯಾಕೆ ಎಂದು ಕೇಳಿದ್ದೆ. ಈಗ ಎರಡೂ ಒಟ್ಟಿಗೆ ಚೆನ್ನಾಗಿ ಉರಿಯುತ್ತಿವೆ. ಲೈಸೆನ್ಸ್ ಇರುವ ಫಿಟ್ಟರ್ ಬಂದು, ಎರಡಕ್ಕೂ ಗಂಟೆಗೆ ಬೇಕಾಗುವ ಗ್ಯಾಸ್ ಲೆಕ್ಕ ಹಾಕಿ, ಪೈಪಿನ ಉದ್ದ ಅಳೆದರು. ಅಷ್ಟು ಉದ್ದಕ್ಕೆ ಪೈಪ್ ತೀರಾ ಸಣ್ಣದಾಗಿತ್ತು, ಅದಕ್ಕೇ ಒತ್ತಡ ಕುಸಿಯುತ್ತಿತ್ತು. ಗೀಸರ್‌ನಲ್ಲಿ ದೋಷವೇ ಇರಲಿಲ್ಲ!

ದಪ್ಪ ಪೈಪ್ ಹಾಕಿ, ಎರಡಕ್ಕೂ ಬೇರೆ ಬೇರೆ ವಾಲ್ವ್ ಕೊಟ್ಟರು. ಗ್ಯಾಸ್ ಬಿಡುವ ಮೊದಲು ಪೈಪಿಗೆ ಗಾಳಿ ತುಂಬಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಿದರು. ಗ್ಯಾಸ್ ಬಿಟ್ಟ ಮೇಲೆ ಜಾಯಿಂಟುಗಳಿಗೆ ಸೋಪು ನೀರು ಹಚ್ಚಿದರು. ಸಮಯ ಜಾಸ್ತಿ ಹಿಡಿದರೂ ಈ ಸೋರಿಕೆ ಪರೀಕ್ಷೆ ಮಾತ್ರ ಬಿಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹಾಕಿಸಿದೆವು. ಆ ವಿಷಾನಿಲಕ್ಕೆ ಬಣ್ಣ, ವಾಸನೆ ಎರಡೂ ಇಲ್ಲ ಅಲ್ವಾ, ಅಲಾರಂ ಇಲ್ಲದೆ ಗೊತ್ತಾಗುವುದೇ ಇಲ್ಲ.