ದೊಡ್ಡಪ್ಪನ ಮೂರು ಬಾಡಿಗೆ ಮನೆ ನೋಡ್ಕೋ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ನಾನು ದಾವಣಗೆರೆ ವಿದ್ಯಾನಗರದವನು, ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್. ದೊಡ್ಡಪ್ಪನವು ಮೂರು ಬಾಡಿಗೆ ಮನೆಗಳಿವೆ. ಅವರ ಮಕ್ಕಳಲ್ಲಿ ಒಬ್ಬ ಬೆಂಗಳೂರು, ಇನ್ನೊಬ್ಬ ಅಮೆರಿಕ. ಒಂದು ಮನೆ ಅಮೆರಿಕದವನ ಹೆಸರಲ್ಲೇ ಇದೆ. ದೊಡ್ಡಪ್ಪನಿಗೆ ಮಂಡಿನೋವು, ಓಡಾಡಲು ಆಗುತ್ತಿಲ್ಲ. "ನೀನೇ ನೋಡ್ಕೋ, ಏನಾದರೂ ತಗೋ" ಅಂತಿದ್ದಾರೆ. ಇದರ ಜೊತೆಗೆ ನನ್ನ ಹತ್ತಿರ 18 ಲಕ್ಷ ಉಳಿತಾಯ ಇದೆ. ಸಾಲ ಸೇರಿಸಿ 50 ಲಕ್ಷದ ಒಂದು ಮನೆ ಹಿಡಿದು ಬಾಡಿಗೆಗೆ ಬಿಡೋಣ ಅನ್ನೋ ಆಸೆ. ಇಲ್ಲಾಂದ್ರೆ ಊರಾಚೆ ಒಂದು ಸೈಟ್. ಯಾವುದರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ. "ಭೂಮಿ ಯಾವತ್ತೂ ಕೈಬಿಡಲ್ಲ" ಅಂತ ಮಾತ್ರ ಹೇಳಬೇಡಿ, ಅದನ್ನು ನಮ್ಮಪ್ಪ ದಿನಾ ಹೇಳುತ್ತಾರೆ.

ಎಂಸಿಸಿ ಬಿ ಬ್ಲಾಕ್‌ನಿಂದ

ಮೊದಲು ದೊಡ್ಡಪ್ಪನ ಮನೆ ನೋಡಿಕೊಳ್ಳಿ ತಮ್ಮಾ. ಕೊಳ್ಳೋ ಮಾತು ಒಂದು ವರ್ಷ ಆದಮೇಲೆ. ನಮ್ಮ ಮನೆಯವರದು ವರ್ಗಾವಣೆ ನೌಕರಿ. ಹಾಗಾಗಿ 14 ವರ್ಷದಿಂದ ಐದು ಮನೆ ನಾನೇ ನೋಡುತ್ತಿದ್ದೇನೆ. ಎರಡು ನಮ್ಮವು, ಮೂರು ತಂಗಿಯದು. ಬಾಡಿಗೆ ಮನೆ ಅಂದರೆ ಗೋಡೆ, ಟೈಲ್ಸ್ ಅಂದುಕೊಂಡಿದ್ದೆ. ಅಲ್ಲ. ನೀರು ಮತ್ತು ಮೀಟರ್.

ನೀರಿನ ಕತೆ ಕೇಳಿ. ಕೆಳಗೊಂದು ಮನೆ, ಮೇಲೊಂದು ಮನೆ, ಇಬ್ಬರಿಗೂ ಸೇರಿ ಒಂದೇ ಸಂಪು, ಒಂದೇ ಟ್ಯಾಂಕ್. ಆ ವರ್ಷ ದುಗ್ಗಮ್ಮನ ಜಾತ್ರೆ. ಜಾತ್ರೆ ಅಂದರೆ ನಿಮಗೆ ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ ಬರುವುದು, ಊರಿನ ನೆಂಟರೆಲ್ಲ ಬರುತ್ತಾರೆ. ಕೆಳಗಿನವರ ಮನೆಗೆ ಇಪ್ಪತ್ತು ಜನ ಬಂದರು. ಬೆಳಿಗ್ಗೆ ಆರಕ್ಕೆ ಮೇಲಿನ ಮನೆಯವರ ಫೋನ್. ತಲೆಗೆ ಶಾಂಪೂ ಹಾಕಿಕೊಂಡು ನಿಂತಿದ್ದಾರೆ, ನಲ್ಲಿಯಲ್ಲಿ ಬರೀ ಗಾಳಿ. ನಾನು ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಟವೆಲ್ ಸುತ್ತಿಕೊಂಡು ಕೂತಿದ್ದಾರೆ, ನೊರೆ ಕಿವಿಯ ಹತ್ತಿರ ಒಣಗಿ ಬಿಳಿ ಆಗಿದೆ. ನಗಬಾರದು ಅಂದುಕೊಂಡೇ ಒಂದು ಕೊಡ ನೀರು ಹೊತ್ತುಕೊಟ್ಟೆ. ಮುಂದಿನ ತಿಂಗಳೇ ಮನೆಗೊಂದು ಟ್ಯಾಂಕ್, ಬೇರೆ ಬೇರೆ ಪೈಪ್ ಹಾಕಿಸಿದೆ. ಆ ಖರ್ಚು ಬಾಡಿಗೆಯಲ್ಲಿ ಬರಲೇ ಇಲ್ಲ ಅನ್ನಿ. ಆದರೆ ಜಗಳ ನಿಂತಿತು. ಅವರು ಆರು ವರ್ಷ ಇದ್ದರು.

ಮೀಟರ್ ವಿಷಯ. ಪ್ರತಿ ಮನೆಗೂ ಬೇರೆ ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್‌ನಲ್ಲಿರುವ ಸಂಪರ್ಕದ ನಂಬರ್, ಇದೆಯಾ ನೋಡಿ. ಗೃಹಜ್ಯೋತಿ ಬಂದಮೇಲೆ ಇದು ದೊಡ್ಡ ವಿಷಯ ಆಗಿದೆ. ಎರಡು ಸಂಸಾರ ಒಂದೇ ಮೀಟರ್‌ನಲ್ಲಿದ್ದರೆ 200 ಯೂನಿಟ್ ಸುಲಭವಾಗಿ ದಾಟುತ್ತದೆ, ಆಗ ಪೂರ್ತಿ ಬಿಲ್ ಕಟ್ಟಬೇಕು. ಯಾರ ಫ್ರಿಜ್‌ನಿಂದ ದಾಟಿತು ಅಂತ ಪಂಚಾಯ್ತಿ ಮಾಡೋರು ನೀವೇ. ಮನೆ ಬಿಡುವವರು ಆ ನಂಬರಿಗಿರುವ ತಮ್ಮ ಆಧಾರ್ ಜೋಡಣೆ ತೆಗೆಸಿಯೇ ಹೋಗಬೇಕು. ಇಲ್ಲದಿದ್ದರೆ ಹೊಸಬರಿಗೆ ಅರ್ಜಿ ಹಾಕಲು ತೊಂದರೆ. ನಾನು ಅಡ್ವಾನ್ಸ್ ವಾಪಸ್ ಕೊಡುವ ದಿನ ಎದುರಲ್ಲೇ ಕೂರಿಸಿಕೊಂಡು ಅದನ್ನು ಮಾಡಿಸುತ್ತೇನೆ.

ಇನ್ನೊಂದು, ಯಾರೂ ಬರೆದಿಡದ ಲೆಕ್ಕ: ಆಷಾಢ. ಆಷಾಢದಲ್ಲಿ ನಮ್ಮ ಕಡೆ ಮನೆ ಬದಲಿಸಲ್ಲ, ಧನುರ್ಮಾಸದಲ್ಲೂ ಅಷ್ಟೇ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಬೋರ್ಡ್ ನೇತುಹಾಕಿಕೊಂಡೇ ಇರುತ್ತದೆ. ಹಾಗಾಗಿ ಅಗ್ರಿಮೆಂಟ್ ಏಪ್ರಿಲ್‌–ಮೇನಲ್ಲಿ ಮುಗಿಯುವ ಹಾಗೆ ಬರೆಸಿ. ಶಾಲೆ ಶುರುವಾಗುವ ಮೊದಲು ಜನ ಮನೆ ಹುಡುಕುತ್ತಿರುತ್ತಾರೆ. ಏಪ್ರಿಲ್‌ನಲ್ಲೇ ಪಾಲಿಕೆಯ ಕಂದಾಯ ಕಟ್ಟಿಬಿಡಿ, ನೂರಕ್ಕೆ 5 ರಿಯಾಯಿತಿ ಸಿಗುತ್ತದೆ.

ಅಗ್ರಿಮೆಂಟ್ 11 ತಿಂಗಳಿನದು ಸಾಕು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು. ಮನೆ ಕೊಡುವ ದಿನ ಪ್ರತಿ ಕೋಣೆಯ ವಿಡಿಯೋ ಮಾಡಿ. ಫ್ಯಾನ್ ಎಷ್ಟು, ಗೀಸರ್ ನಡೆಯುತ್ತದಾ, ಬೀಗದ ಕೈ ಎಷ್ಟು, ಮೀಟರ್ ರೀಡಿಂಗ್ ಎಷ್ಟು, ಎಲ್ಲ ಅದರಲ್ಲಿ ಬರಲಿ. ಬಾಡಿಗೆ ನಿಮ್ಮ ಖಾತೆಗೆ ಹಾಕಿಸಿಕೊಳ್ಳಬೇಡಿ, ಓನರ್ ಖಾತೆಗೇ ಹೋಗಲಿ. ನೀವು ಸಹಿ ಹಾಕಬೇಕಾದರೆ ಅಧಿಕಾರ ಪತ್ರ ಬರೆಸಿಕೊಳ್ಳಿ. "ಏನಾದರೂ ತಗೋ" ಅನ್ನೋದನ್ನು ಮೊದಲೇ ಅಂಕಿಯಲ್ಲಿ ಹೇಳಿಸಿ. ನಾನು ತಂಗಿಯಿಂದಲೇ ಬಾಡಿಗೆಯಲ್ಲಿ ನೂರಕ್ಕೆ ಎಂಟು ತಗೋತೀನಿ. ಮೊದಮೊದಲು ನಾಚಿಕೆ ಆಗುತ್ತಿತ್ತು. ಪ್ಲಂಬರ್ ಹಿಂದೆ ಮೂರು ಸಲ ಅಲೆದಮೇಲೆ ಹೋಯಿತು.

ಪಿ.ಜೆ. ಬಡಾವಣೆಯಿಂದ

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಬರೀ ಲೆಕ್ಕ ಹೇಳುತ್ತೇನೆ.

50 ಲಕ್ಷದ ಮನೆ ಅಂದರೆ 50 ಲಕ್ಷಕ್ಕೆ ಸಿಗಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ಅಂದರೆ 3 ಲಕ್ಷ 80 ಸಾವಿರ. ನಿಮ್ಮ 18ರಲ್ಲಿ ಉಳಿಯುವುದು 14 ಲಕ್ಷ 20 ಸಾವಿರ. 35 ಲಕ್ಷ 80 ಸಾವಿರ ಸಾಲ, ಎಂಟೂವರೆ ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 31 ಸಾವಿರ. ಬಾಡಿಗೆ 13 ಸಾವಿರ ಬಂತು ಅನ್ನೋಣ. ಉಳಿದ 18 ಸಾವಿರ ನಿಮ್ಮ ಸಂಬಳದಿಂದ ಹೋಗುತ್ತದೆ, ಮನೆ ಖಾಲಿ ಇದ್ದ ತಿಂಗಳು ಪೂರ್ತಿ 31. ವರ್ಷದ ಬಾಡಿಗೆ 1 ಲಕ್ಷ 56 ಸಾವಿರ, ಹಾಕಿದ ಬೆಲೆಗೆ ನೂರಕ್ಕೆ 3ರ ಆಸುಪಾಸು. ಎಫ್‌ಡಿಯಲ್ಲಿ ಇದಕ್ಕಿಂತ ಜಾಸ್ತಿ ಬರುತ್ತದೆ, ಅದರ ನಲ್ಲಿ ಸೋರಲ್ಲ.

ಟ್ಯಾಕ್ಸ್ ಉಳಿಯುತ್ತದೆ ಅನ್ನುವವರ ಮಾತು ಅರ್ಧ ನಿಜ. ಬಾಡಿಗೆಯಲ್ಲಿ ಪಾಲಿಕೆ ಕಂದಾಯ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30 ಸುಮ್ಮನೆ ಬಿಡುತ್ತಾರೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬರಲ್ಲ. ಹಳೆಯದರಲ್ಲಿ 2 ಲಕ್ಷದವರೆಗೆ ಬರುತ್ತದೆ.

ಅಮೆರಿಕದ ತಮ್ಮನ ಮನೆ ಬಗ್ಗೆ ಎಚ್ಚರ. ಓನರ್ ಅನಿವಾಸಿ ಆಗಿದ್ದರೆ ಬಾಡಿಗೆದಾರರೇ ಬಾಡಿಗೆಯಲ್ಲಿ ಟಿಡಿಎಸ್, ಅಂದರೆ ಮೊದಲೇ ಕಡಿತವಾಗುವ ತೆರಿಗೆ, ಹಿಡಿದು ಕಟ್ಟಬೇಕು, 31.2%. ತಿಂಗಳಿಗೆ 50 ಸಾವಿರ ಮೀರಿದ ಬಾಡಿಗೆಗೆ ಮಾತ್ರ ಅನ್ನುವ ಮಿತಿ ಇದಕ್ಕೆ ಅನ್ವಯಿಸಲ್ಲ. ನಮ್ಮೂರಲ್ಲಿ ಹತ್ತು ಸಾವಿರ ಬಾಡಿಗೆಗೆ ಇದನ್ನು ಮಾಡುವವರು ನನಗಂತೂ ಸಿಕ್ಕಿಲ್ಲ. ಆದರೂ ಕಾನೂನು ಅದೇ. ಆಡಿಟರ್ ಹತ್ತಿರ ಕೂತು ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ

ಸೈಟ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗದ ಹೆಸರಲ್ಲಿ ನಮ್ಮ ಕಡೆ ಎಷ್ಟು ಸೈಟ್ ಮಾರಿದ್ದಾರೋ ಲೆಕ್ಕ ಇಲ್ಲ. "ಸ್ಟೇಷನ್ ಇಲ್ಲೇ ಬರುತ್ತೆ ಸರ್" ಅಂತ ಹೊಲದ ಮಧ್ಯೆ ನಿಲ್ಲಿಸಿ ಕೈ ತೋರಿಸುತ್ತಾರೆ. ಆ ಕೈ ಗಿರಾಕಿಯನ್ನು ನೋಡಿ ತಿರುಗುತ್ತದೆ, ನನಗೆ ಎಡಕ್ಕೆ ತೋರಿಸಿದ್ದರು, ಭಾವನಿಗೆ ಬಲಕ್ಕೆ.

ನಾನು 30x40 ಅಡಿಯ ಒಂದು ಸೈಟಿಗೆ 3 ಲಕ್ಷ ಅಡ್ವಾನ್ಸ್ ಕೊಟ್ಟೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದೆ, ಶುದ್ಧವಾಗಿತ್ತು. ಇಸಿ ಸರಿ ಇದ್ದರೆ ಎಲ್ಲ ಸರಿ ಅಂತ ನಂಬಿದ್ದೆ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾರಾಟಗಾರರಿಗೆ ಮದುವೆಯಾಗಿ ಹಿರಿಯೂರಿಗೆ ಹೋದ ಒಬ್ಬ ಅಕ್ಕ ಇದ್ದರು, ಅವರ ಹೆಸರು ಅದರಲ್ಲಿ ಇರಲಿಲ್ಲ. ಅಪ್ಪನ ಆಸ್ತಿ, ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದ್ದರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ತಿದ್ದುಪಡಿ ಆಗಿದೆ. ಆ ಅಕ್ಕ ಕೋರ್ಟಿಗೆ ಹೋದರು. ತಪ್ಪೇನಿಲ್ಲ ಅವರದು. ನನ್ನ ದುಡ್ಡು ನಾಲ್ಕು ವರ್ಷ ಸಿಕ್ಕಿಹಾಕಿಕೊಂಡಿತು, ಬಡ್ಡಿ ಇಲ್ಲದೆ ವಾಪಸ್ ಬಂತು.

ಈಗ ನಾನು ಮೊದಲು ಕೇಳುವುದೇ ವಂಶವೃಕ್ಷ. ಆಮೇಲೆ ಪಹಣಿ, ಮ್ಯುಟೇಶನ್ (ಹೆಸರು ಬದಲಾದ ದಾಖಲೆ), ಡಿಸಿ ಕನ್ವರ್ಶನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), ಲೇಔಟ್ ಅನುಮೋದನೆ. ಪಂಚಾಯ್ತಿ ವ್ಯಾಪ್ತಿ ಆದರೆ ಇ-ಸ್ವತ್ತಿನ, ಅಂದರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ, ನಮೂನೆ 9 ಮತ್ತು 11ಎ. ಬರೀ 11ಬಿ ತೋರಿಸಿದರೆ ಅಲ್ಲಿಗೇ ಎದ್ದುಬನ್ನಿ. 500 ಚದರ ಮೀಟರ್ ಮೀರಿದ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಲೇಬೇಕು. ಜಮೀನು ಮೂಲದಲ್ಲಿ ಸರ್ಕಾರದಿಂದ ಮಂಜೂರಾದದ್ದಾ ಅಂತಲೂ ನೋಡಿಸಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಆ ಮಾರಾಟವೇ ನಿಲ್ಲಲ್ಲ. 2023ರ ತಿದ್ದುಪಡಿ ಆದಮೇಲೆ "ಹಳೇ ವ್ಯವಹಾರ, ಯಾರೂ ಕೇಳಲ್ಲ" ಅನ್ನೋ ಮಾತನ್ನೂ ನಂಬಬೇಡಿ. ಕ್ರಯಪತ್ರ ಇಲ್ಲದೆ ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಸೈಟ್ ಕೊಡ್ತೀನಿ ಅಂದವರಿಗೆ ದೂರದಿಂದಲೇ ಕೈಮುಗಿಯಿರಿ.

ಶಾಮನೂರು ರಸ್ತೆಯಿಂದ

ಎಲ್ಲರೂ ಹೆದರಿಸುತ್ತಿದ್ದೀರಿ. ಕಾಲೇಜುಗಳು ಇರುವ ಊರು ಸರ್ ಇದು, ಮೆಡಿಕಲ್, ಇಂಜಿನಿಯರಿಂಗ್ ಹುಡುಗರಿಗೆ ಮನೆ ಕೊಡಿ. ಸಂಸಾರಕ್ಕೆ 12 ಸಾವಿರ ಅನ್ನುವ ಮನೆಗೆ ನಾಲ್ಕು ಹುಡುಗರು ಸೇರಿ 16 ಕೊಡುತ್ತಾರೆ. ರಜೆಯಲ್ಲಿ ಬೀಗ ಹಾಕಿಕೊಂಡು ಹೋದರೂ ಬಾಡಿಗೆ ಹಾಕುತ್ತಾರೆ. ಅಪ್ಪಂದಿರ ನಂಬರ್ ಮಾತ್ರ ತಗೊಂಡಿರಿ. ಪಕ್ಕದ ಮನೆಯವರು ಗಲಾಟೆ ಅಂತ ಫೋನ್ ಮಾಡೋದು ನಿಮಗೇ.

ವಿನೋಬನಗರದಿಂದ

ಬಾಡಿಗೆ ತಲೆನೋವೇ ಬೇಡ ಅಂದರೆ ಭೋಗ್ಯಕ್ಕೆ ಕೊಡಿ. ತಿಂಗಳ ಬಾಡಿಗೆ ಬದಲು ಮೂರು ವರ್ಷಕ್ಕೆ 8 ಲಕ್ಷ ಒಟ್ಟಿಗೆ ಬರುತ್ತದೆ, ಅವಧಿ ಮುಗಿದಮೇಲೆ ವಾಪಸ್ ಕೊಟ್ಟರಾಯಿತು; ಅಲ್ಲಿವರೆಗೆ ಅದನ್ನೇ ಸಾಲಕ್ಕೆ ಕಟ್ಟಬಹುದು.

ಎಂಸಿಸಿ ಬಿ ಬ್ಲಾಕ್‌ನಿಂದ

ಅಣ್ಣಾ, ಮೂರು ವರ್ಷ ಆದಮೇಲೆ ಆ 8 ಲಕ್ಷ ಎಲ್ಲಿಂದ ತರುತ್ತೀರಿ? ನಮ್ಮ ಸಂಬಂಧಿಕರೊಬ್ಬರು ಭೋಗ್ಯದ ದುಡ್ಡಲ್ಲಿ ಮಗಳ ಮದುವೆ ಮಾಡಿದರು. ಅವಧಿ ಮುಗಿಯಿತು, ಕೊಡಲು ದುಡ್ಡಿಲ್ಲ. ಆ ಮನೆಯವರು ಇನ್ನೂ ಎರಡು ವರ್ಷ ಪುಕ್ಕಟೆ ಇದ್ದರು. ಮತ್ತೆ ಮೂರು ವರ್ಷದ ಭೋಗ್ಯ ಅಂದರೆ ನೋಂದಣಿ ಮಾಡಿಸಬೇಕು. ಯಾರು ಮಾಡಿಸುತ್ತಾರೆ, ಹೇಳಿ? ಮನೆ ಮೇಲೆ ಬ್ಯಾಂಕ್ ಸಾಲ ಇದ್ದರಂತೂ ಒಳಗೆ ಇರುವವರಿಗೆ ದೇವರೇ ಗತಿ.

ಪ್ರಶ್ನೆ ಕೇಳಿದವನಿಂದ

ಎಲ್ಲರಿಗೂ ನಮಸ್ಕಾರ. ಭಾನುವಾರ ಅಪ್ಪನ ಜೊತೆ ಮೂರೂ ಮನೆ ನೋಡಿಬಂದೆ. ಒಂದು ಮನೆಯಲ್ಲಿ ಕೆಳಗೆ, ಮೇಲೆ ಸೇರಿ ಒಂದೇ ಆರ್‌ಆರ್ ನಂಬರ್. ಬಿ ಬ್ಲಾಕ್ ಅಕ್ಕ ಹೇಳಿದ ಹಾಗೇ ಟ್ಯಾಂಕೂ ಒಂದೇ. ಅಗ್ರಿಮೆಂಟ್ ಬರೆಸೋಣ ಅಂತ ಕಾಗದ ಕೇಳಿದರೆ, ದೊಡ್ಡಪ್ಪ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಹಳೇ ಮನೆಯ ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದೆ! ಅಜ್ಜ ತೀರಿಕೊಂಡು 22 ವರ್ಷ. ಪಾಲಾದ ಕಾಗದ ಯಾವುದೂ ಇಲ್ಲ. ದುರ್ಗದವರು ಹೇಳಿದ ವಂಶವೃಕ್ಷ ನೆನಪಾಗಿ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಮಂಡಕ್ಕಿ ತಿನ್ನುತ್ತಿದ್ದರು. ಮಿರ್ಚಿ ತಟ್ಟೆಯಲ್ಲಿಟ್ಟು, "ಹಾಗಾದ್ರೆ ನಂದೂ ಒಂದು ಪಾಲು ಇದೆ ಅನ್ನು" ಅಂದರು. ನನಗೆ ಇಬ್ಬರು ಅತ್ತೆಯರೂ ಇದ್ದಾರೆ. ಈಗ ಏನು ಮಾಡಲಿ?

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ

ಆ ಮನೆಯ ಅಗ್ರಿಮೆಂಟಿಗೆ ಸದ್ಯ ನೀವು ಸಹಿ ಹಾಕಬೇಡಿ. ಉಳಿದ ಎರಡನ್ನು ನೋಡಿಕೊಳ್ಳಿ. ಅತ್ತೆಯರಿಗೆ ಈ ವಿಷಯ ನಿಮ್ಮಪ್ಪನೇ ಫೋನ್ ಮಾಡಿ ಹೇಳಲಿ, ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು.